ಡೋಬರೈನರ್ ದೀಪ
ಯೇನಾ, ಜರ್ಮನಿ. 1823ರ ಆವಿಷ್ಕಾರ. ಗಾಜು, ಹಿತ್ತಾಳೆ, ಸತು, ಪ್ಲಾಟಿನಂ

ಗೀರಿ ಹೊತ್ತಿಸುವ ಬೆಂಕಿಕಡ್ಡಿ ಬರುವ ಮೊದಲೇ ಮನೆಮನೆಗೆ ಬೆಂಕಿ ಕೊಟ್ಟ ಸಾಧನ ಇದು.

ಗಾಜಿನ ಪಾತ್ರೆಯಲ್ಲಿ ತೆಳು ಗಂಧಕಾಮ್ಲ. ಅದರೊಳಗೆ ಬೋರಲು ಹಾಕಿದ ಸಣ್ಣ ಗಾಜಿನ ಗಂಟೆಯಲ್ಲಿ ಸತುವಿನ ತುಂಡು ತೂಗುತ್ತಿದೆ. ಮೇಲಿನ ನಲ್ಲಿ ತಿರುಗಿಸಿದರೆ ಆಮ್ಲ ಮೇಲೇರಿ ಸತುವಿಗೆ ತಾಗುತ್ತದೆ, ಜಲಜನಕ ಹುಟ್ಟುತ್ತದೆ. ನಲ್ಲಿ ಮುಚ್ಚಿದರೆ ಅನಿಲದ ಒತ್ತಡವೇ ಆಮ್ಲವನ್ನು ಕೆಳಕ್ಕೆ ತಳ್ಳಿ ಕ್ರಿಯೆಯನ್ನು ನಿಲ್ಲಿಸುತ್ತದೆ. ಎಷ್ಟು ಅಚ್ಚುಕಟ್ಟಾದ ಏರ್ಪಾಡು!

ಕೊಳವೆಯ ಬಾಯಿಗೆ ಎದುರಾಗಿರುವ ಪುಟ್ಟ ಬಟ್ಟಲನ್ನು ತಪ್ಪದೆ ನೋಡಿ. ಅದರಲ್ಲಿರುವ ಬೂದುಬಣ್ಣದ, ರಂಧ್ರಮಯ ಪ್ಲಾಟಿನಂ ಮೇಲೆ ಗಾಳಿ ಬೆರೆತ ಜಲಜನಕ ಬಿದ್ದೊಡನೆ ಲೋಹ ಕೆಂಪಗೆ ಕಾದು, ಅನಿಲ ಹೊತ್ತಿಕೊಳ್ಳುತ್ತದೆ. ಪ್ಲಾಟಿನಂ ಮಾತ್ರ ಖರ್ಚಾಗುವುದಿಲ್ಲ. ಕ್ರಿಯಾವರ್ಧಕವೊಂದು ದಿನಬಳಕೆಗೆ ಇಳಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಇಂಥ ಕ್ರಿಯೆಗಳಿಗೆ ಸ್ವೀಡನ್ನಿನ ಬರ್ಸೀಲಿಯಸ್ 'ಕೆಟಾಲಿಸಿಸ್' ಎಂದು ಹೆಸರಿಟ್ಟದ್ದು ಆಮೇಲೆ, 1835ರಲ್ಲಿ.

ಯೋಹಾನ್ ವೋಲ್ಫ್‌ಗಾಂಗ್ ಡೋಬರೈನರ್ (1780–1849) ಗಾಡಿ ಹೊಡೆಯುವವನ ಮಗ. ಔಷಧದಂಗಡಿಯಲ್ಲಿ ಕೆಲಸ ಕಲಿತು, ಬಹುಮಟ್ಟಿಗೆ ಸ್ವಂತ ಓದಿನಿಂದಲೇ 1810ರಲ್ಲಿ ಯೇನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಕವಿ ಗಯಟೆ ಅವನ ಸಂಶೋಧನೆಗೆ ಬೆಂಬಲವಾಗಿ ನಿಂತ. ಗುಣಸಾಮ್ಯವಿರುವ ಮೂಲಧಾತುಗಳನ್ನು ಮೂರು ಮೂರಾಗಿ ಜೋಡಿಸಿ, ಮುಂದಿನ ಆವರ್ತ ಕೋಷ್ಟಕಕ್ಕೆ ದಾರಿ ತೋರಿದವನೂ ಇವನೇ. ಈ ದೀಪಕ್ಕೆ ಅವನು ಪೇಟೆಂಟ್ ಪಡೆಯಲಿಲ್ಲ.