ಕಂಪ್ಯೂಟರ್ ಓದಲೊಲ್ಲದ ಮದುವೆಗಳು

ಸಂತಪುರ, ಔರಾದ, ಭಾಲ್ಕಿ ಕಡೆಯ ಯಾವುದೇ ಮನೆತನ ತನ್ನ ಮೂವತ್ತು ವರ್ಷಗಳ ಮದುವೆಗಳನ್ನು ಒಂದೇ ಕಂಪ್ಯೂಟರಿನಲ್ಲಿ ಕೂಡಿಡಲು ಹೊರಟಿತೆನ್ನಿ. ಫೋಟೊಗಳು ತಕರಾರಿಲ್ಲದೆ ಸಾಲುಗಟ್ಟುತ್ತವೆ, ವಿಡಿಯೊಗಳು ಮೊಂಡು ಹಿಡಿಯುತ್ತವೆ. ಕೆಲವು ತೆರೆಯುವುದೇ ಇಲ್ಲ, ಕೆಲವಕ್ಕೆ ಚಿತ್ರವಿದ್ದರೂ ದನಿ ಇಲ್ಲ, ಇನ್ನು ಕೆಲವು ಬೇರೆ ಯಾವುದೋ ವರ್ಷದ ಸಾಲಿನಲ್ಲಿ ಹೋಗಿ ಕೂರುತ್ತವೆ. ಫೈಲ್ ಕೆಟ್ಟಿದೆ ಎಂದು ಕೈಬಿಡುವುದು ವಾಡಿಕೆ. ಆದರೆ ಬಹಳ ಸಲ ಫೈಲ್ ನೆಟ್ಟಗೇ ಇರುತ್ತದೆ, ಅದನ್ನು ಓದುವ ಬಗೆ ಕೈತಪ್ಪಿರುತ್ತದೆ. ಆ ಮದುವೆಯನ್ನು ಯಾವ ಕಾಲದಲ್ಲಿ, ಯಾವ ಯಂತ್ರದಲ್ಲಿ ಹಿಡಿದರು ಎಂದು ಕೇಳದೆ ದೋಷ ಹುಡುಕಿದರೆ ಅದು ಸಿಕ್ಕುವುದಿಲ್ಲ.

ಬೀದರ ಜಿಲ್ಲೆ ಇಂಥದೊಂದು ಪರಿಸ್ಥಿತಿಯನ್ನು ಹಿಂದೆಯೂ ಕಂಡಿದೆ. ಹೈದರಾಬಾದ್ ಸಂಸ್ಥಾನದ ಆಡಳಿತ 1880ರ ದಶಕದಲ್ಲಿ ಪಾರ್ಸಿಯಿಂದ ಉರ್ದುವಿಗೆ ಹೊರಳಿತು. ಮರಾಠಿಯ ಲೆಕ್ಕಪತ್ರಗಳಿಗೆ ಮೋಡಿ ಲಿಪಿಯಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಲ್ಲಿ ಜಿಲ್ಲೆ ಒಡೆದು ಉದಗೀರ್, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್ ಆಂಧ್ರಕ್ಕೆ ಸೇರಿತು, ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಬಂದವು. ಹಳೆಯ ಕಾಗದಗಳ ಶಾಯಿ ಮಾಸಿರಲಿಲ್ಲ, ಆದರೆ ಕನ್ನಡ ಶಾಲೆಯಲ್ಲಿ ಕಲಿತ ಹೊಸ ತಲೆಮಾರಿಗೆ ತನ್ನದೇ ಅಜ್ಜನ ಹೊಲದ ಕಾಗದ ಓದಲು ಬೇರೊಬ್ಬರು ಬೇಕಾದರು. ಲಿಪಿ ಕಲಿತವರು ವಿರಳವಾಗಲು ಅಲ್ಲಿ ಒಂದೆರಡು ತಲೆಮಾರು ಹಿಡಿಯಿತು. ವಿಡಿಯೊ ಕಸುಬಿನಲ್ಲಿ ಅದೇ ಕೆಲಸ ಹತ್ತೇ ವರ್ಷಕ್ಕೊಮ್ಮೆ ನಡೆದಿದೆ.

ಭಾರತದ ಟಿವಿಗೆ ಬಣ್ಣ ಬಂದದ್ದು 1982ರಲ್ಲಿ, ಸೆಕೆಂಡಿಗೆ 25 ಚಿತ್ರಗಳ ಪಾಲ್ ಪದ್ಧತಿಯಲ್ಲಿ. ಅದರ ಬೆನ್ನಿಗೇ ವಿಎಚ್ಎಸ್ ಕ್ಯಾಸೆಟ್ ಹರಡಿತು. ಹೆಗಲ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಲೈಟ್ ಹಿಡಿದ ಹುಡುಗ ಮದುವೆ ಚಪ್ಪರದ ಭಾಗವೇ ಆದರು. ಆಮೇಲೆ ಬಂದದ್ದು ವಿಸಿಡಿ: ಅಗಲ 352, ಎತ್ತರ 288 ಚುಕ್ಕೆಗಳ ಚಿತ್ರ, ಒಂದು ಡಿಸ್ಕಿಗೆ ಒಂದು ತಾಸಿನ ಮೇಲೆ ಸ್ವಲ್ಪ. ಈ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದರೆ ಒಳಗೆ ಸಿಕ್ಕುವುದು ಡಿಎಟಿ ಎಂಬ ಬಾಲದ ಫೈಲ್. ಫೋಟೊ ಜೋಡಿಸುವ ಸಾಫ್ಟ್‌ವೇರ್ ಅದನ್ನು ವಿಡಿಯೊ ಎಂದೇ ಎಣಿಸುವುದಿಲ್ಲ. ಒಳಗಿರುವುದು ಸಾಮಾನ್ಯ ಎಂಪೆಗ್-1. ಬಾಲವನ್ನು ಎಂಪಿಜಿ ಎಂದು ಬದಲಿಸಿದರೆ ಬಹುಮಟ್ಟಿಗೆ ತೆರೆದುಕೊಳ್ಳುತ್ತದೆ. ಇಷ್ಟು ಸಣ್ಣ ಸಂಗತಿ ತಿಳಿಯದೆ ಎಸೆದ ಡಿಸ್ಕುಗಳನ್ನು ನೆನೆದರೆ ಸಂಕಟವಾಗುತ್ತದೆ. 2006ರಲ್ಲಿ ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ ತಂದ ಚಿತ್ರೀಕರಣ ಪದ್ಧತಿಯಾದ ಎವಿಸಿಎಚ್‌ಡಿಯ ಕಥೆ ಇನ್ನೂ ತೊಡಕಿನದು. ಮೆಮೊರಿ ಕಾರ್ಡಿನ ಮಿತಿಯಿಂದಾಗಿ ಉದ್ದದ ಚಿತ್ರೀಕರಣ ತುಂಡುತುಂಡಾದ ಎಂಟಿಎಸ್ ಫೈಲುಗಳಾಗುತ್ತಿತ್ತು. ಯಾವ ತುಂಡಿನ ಮುಂದೆ ಯಾವುದು ಎಂಬ ಲೆಕ್ಕ ಬೇರೆ ಫೋಲ್ಡರಿನಲ್ಲಿರುತ್ತಿತ್ತು. ವಿಡಿಯೊ ಫೈಲುಗಳನ್ನಷ್ಟೇ ನಕಲು ಮಾಡಿಕೊಂಡವರಿಗೆ ಆ ಲೆಕ್ಕ ತಪ್ಪಿತು, ತುಂಡು ಕೂಡುವಲ್ಲಿ ಮಾತು ಕತ್ತರಿಸಿತು. ಅದರ ದನಿ ಸಾಮಾನ್ಯವಾಗಿ ಡಾಲ್ಬಿಯದು. ಡಾಲ್ಬಿ ತಿಳಿಯದ ಸಾಫ್ಟ್‌ವೇರಿನಲ್ಲಿ ಮದುಮಕ್ಕಳು ಮೂಕರಾಗುತ್ತಾರೆ. ಚಿತ್ರೀಕರಣದ ದಿನಾಂಕ ವಿಡಿಯೊದ ಒಳಗೇ ಅಡಗಿರುವುದರಿಂದ ಎಷ್ಟೋ ಸಾಫ್ಟ್‌ವೇರ್‌ಗಳು ನಕಲು ಮಾಡಿದ ದಿನವನ್ನೇ ಮದುವೆಯ ದಿನ ಎಂದು ತಿಳಿಯುತ್ತವೆ.

ಓದುವ ಉಪಕರಣಗಳೂ ಹೀಗೆಯೇ ಕಣ್ಮರೆಯಾದವು. 2016 ಒಂದನ್ನೇ ನೋಡಿ. ಮಾರ್ಚ್‌ನಲ್ಲಿ ಗೂಗಲ್ ಫೋಟೊ ಜೋಡಿಸುವ ತನ್ನ ಪಿಕಾಸಾವನ್ನು ನಿಲ್ಲಿಸಿತು, ಅದೇ ವರ್ಷ ಆ್ಯಪಲ್ ವಿಂಡೋಸಿನಲ್ಲಿ ವಿಡಿಯೊ ತೋರಿಸುತ್ತಿದ್ದ ಕ್ವಿಕ್‌ಟೈಮ್ ಕೈಬಿಟ್ಟಿತು, ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿ ಕ್ಯಾಸೆಟ್ ಓದುವ ವಿಸಿಆರ್ ತಯಾರಿಕೆಯನ್ನೇ ಮುಗಿಸಿತು. ಮರುವರ್ಷ ಐಫೋನುಗಳು ಹೊಸ ಬಗೆಯ ಎಚ್‌ಇವಿಸಿಯಲ್ಲಿ ಚಿತ್ರೀಕರಿಸತೊಡಗಿದವು. ಹಳೆಯ ಕಂಪ್ಯೂಟರುಗಳಿಗೆ ಹೊಸ ವಿಡಿಯೊವೂ ಒಗ್ಗದಾಯಿತು.

ಮದುವೆಯ ಕ್ಯಾಸೆಟ್ಟಿಗೂ ಹೊಲದ ಕಾಗದಕ್ಕೂ ಹೋಲಿಕೆಯೇ, ಇದರಲ್ಲಿ ಇತಿಹಾಸ ಎಲ್ಲಿದೆ ಎಂದು ಕೇಳುವವರಿದ್ದಾರೆ. ಎರಡು ರಾಜ್ಯಗಳ ಗಡಿಗೆ ತಾಗಿಕೊಂಡಿರುವ ಔರಾದ ತಾಲೂಕಿನಲ್ಲಿ ಹೆಣ್ಣು ಕೊಟ್ಟು ತರುವ ವ್ಯವಹಾರಕ್ಕೆ 1956ರ ಗೆರೆ ಅಡ್ಡಬಂದಿಲ್ಲ. ಒಂದೇ ಚಪ್ಪರದಲ್ಲಿ ಕನ್ನಡ, ಮರಾಠಿ, ದಖನಿ, ತೆಲುಗು ಕೇಳುತ್ತವೆ. ಸರ್ಕಾರದ ಕಡತಗಳಲ್ಲಿ ಈ ಮಾತಿಗೆ ಜಾಗವಿರಲಿಲ್ಲ; ಕ್ಯಾಮೆರಾದ ಮೈಕು ಅದನ್ನು ಆಯ್ದು ಬಿಡದೆ ಹಿಡಿಯಿತು. ದುಃಖದ ಸಂಗತಿಯೆಂದರೆ, ಸ್ಟುಡಿಯೊಗಳ ಮಿಕ್ಸಿಂಗ್‌ನಲ್ಲಿ ಮೂಲ ದನಿ ಅಳಿಸಿ ಸಿನಿಮಾ ಹಾಡು ಕೂಡಿಸುವುದು ರೂಢಿಯಾಯಿತು. ಅರಿಸಿನ ಹಚ್ಚುವಾಗ ಹೆಂಗಸರು ಹಾಡಿದ್ದು ಮಿಕ್ಸಿಂಗ್ ಆಗದ ಮೂಲ ಟೇಪಿನಲ್ಲಿ ಮಾತ್ರ ಉಳಿಯಿತು; ಆ ಟೇಪಿನ ಮೇಲೆ ಮತ್ತೆ ಚಿತ್ರೀಕರಿಸಲು ಬರುತ್ತಿದ್ದುದರಿಂದ ಅದೂ ಉಳಿಯುವ ಭರವಸೆ ಇರಲಿಲ್ಲ. ಹೀಗಾಗಿ ಹೂವಿನ ಚೌಕಟ್ಟು ಕೂಡಿಸಿದ ಸಿಡಿಗಿಂತ ಅಲುಗಾಡುವ, ಕತ್ತರಿಸದ ಮೂಲ ಚಿತ್ರೀಕರಣಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎಲ್ಲವನ್ನೂ ಒಮ್ಮೆ ಎಂಪಿ4 ಮಾಡಿಬಿಟ್ಟರೆ ಮುಗಿಯಿತಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು, ಅದರಲ್ಲಿ ಹುರುಳೂ ಇದೆ. ನೋಡಲು, ನೆಂಟರಿಗೆ ಕಳಿಸಲು ಎಂಪಿ4 ನಕಲು ಇರಲೇಬೇಕು. ಆದರೆ ಎಂಪಿ4 ಹೊರಗಿನ ಡಬ್ಬಿ ಮಾತ್ರ. ಎವಿಸಿಎಚ್‌ಡಿಯ ಚಿತ್ರವನ್ನು ಮುಟ್ಟದೆ ಡಬ್ಬಿಯನ್ನಷ್ಟೇ ಬದಲಿಸಲು 2000ದಿಂದ ಬೆಳೆದುಬಂದಿರುವ ಉಚಿತ ಸಾಫ್ಟ್‌ವೇರ್ ಆದ ಎಫ್‌ಎಫ್‌ಎಂಪೆಗ್‌ಗೆ ಬರುತ್ತದೆ. ಇದರಲ್ಲಿ ಚಿತ್ರದ ಗುಣ ಕುಂದುವುದಿಲ್ಲ. ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವ ಪರಿವರ್ತನೆಯಾದರೋ ಚಿತ್ರವನ್ನು ಹೊಸದಾಗಿ ಹಿಂಡುತ್ತದೆ, ಪ್ರತಿ ಸಲವೂ ಒಂದಿಷ್ಟು ಕಳೆಯುತ್ತದೆ, ದಿನಾಂಕವನ್ನೂ ಅಳಿಸಬಹುದು. ವಿಸಿಡಿಯಂಥ ಬಡ ಚಿತ್ರಕ್ಕೆ ಇನ್ನೊಂದು ಹಿಂಡುವಿಕೆ ತಡೆಯುವ ಶಕ್ತಿಯಿಲ್ಲ. ಯೂಟ್ಯೂಬಿಗೆ ಏರಿಸಿದರೂ ಅದೇ ಹಿಂಡುವಿಕೆ.

ಮೂಲವನ್ನು ಅದರ ಫೋಲ್ಡರುಗಳ ಸಮೇತ, ಹೆಸರು ಬದಲಿಸದೆ ಎರಡು ಹಾರ್ಡ್ ಡಿಸ್ಕಿನಲ್ಲಿಟ್ಟು, ನೋಡುವ ನಕಲನ್ನು ಬೇರೆಯಾಗಿ ಮಾಡಿಕೊಳ್ಳಬೇಕು. ಜತೆಗೊಂದು ಹಾಳೆಯಲ್ಲಿ ಊರು, ತಾರೀಖು, ಕ್ಯಾಮೆರಾದ ಬಗೆ, ಚಪ್ಪರದಲ್ಲಿರುವವರ ಹೆಸರು ಬರೆದಿಡಬೇಕು. ವಿಎಚ್ಎಸ್ ಇದ್ದವರು ಈ ಕೆಲಸವನ್ನು ಈಗಲೇ ಹಿಡಿಯಬೇಕು: ಟೇಪಿಗೆ ಬೂಷ್ಟು ಹತ್ತುತ್ತಿದೆ, ನಡೆಯುವ ವಿಸಿಆರ್‌ಗಳೂ ಅವನ್ನು ಬಿಚ್ಚಿ ಹೆಡ್ ಒರೆಸಬಲ್ಲ ಮೆಕ್ಯಾನಿಕರೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.