ಮನೋರೋಗ ಶುಶ್ರೂಷೆ: ದಾದಿ–ರೋಗಿ ಒಡನಾಟ

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರಿಗೂ ಅವರ ಆರೈಕೆ ಮಾಡುವ ಶುಶ್ರೂಷಕರಿಗೂ ನಡುವೆ ಬೆಳೆಯುವ ನಂಬಿಕೆಯ ಸಂಬಂಧ. ವೈದ್ಯರು ವಾರ್ಡಿಗೆ ಒಂದು ಸುತ್ತು ಬಂದು ಹೋಗುತ್ತಾರೆ; ಪಾಳಿಯ ಮೇಲೆ ಹಗಲಿರುಳು ಜೊತೆಗಿರುವವರು ದಾದಿಯರು. ರೋಗಿ ಊಟ ಬಿಟ್ಟದ್ದು, ನಿದ್ದೆಯಿಲ್ಲದೆ ಕೂತದ್ದು, ಗುಳಿಗೆಯನ್ನು ನಾಲಿಗೆಯಡಿ ಅಡಗಿಸಿಕೊಂಡು ಆಮೇಲೆ ಉಗಿದದ್ದು ಮೊದಲು ತಿಳಿಯುವುದು ಅವರಿಗೇ.

ಅಮೆರಿಕದ ಶುಶ್ರೂಷಕಿ ಹಿಲ್ಡೆಗಾರ್ಡ್ ಪೆಪ್ಲೌ 1952ರ ತಮ್ಮ ಪುಸ್ತಕದಲ್ಲಿ ಈ ಒಡನಾಟಕ್ಕೆ ಶಾಸ್ತ್ರದ ರೂಪ ಕೊಟ್ಟರು. ಅಪರಿಚಿತರಾಗಿ ಎದುರಾದ ಇಬ್ಬರು ಹಂತಹಂತವಾಗಿ ಪರಸ್ಪರ ಅರಿಯುತ್ತಾರೆ. ರೋಗಿ ತನ್ನ ಕಾಲ ಮೇಲೆ ನಿಂತಾಗ ದಾದಿ ಹಿಂದೆ ಸರಿಯುತ್ತಾಳೆ. ಅದೇ ದಶಕದಲ್ಲಿ ಭಾರತದಲ್ಲೂ ಮಾನಸಿಕ ಆರೋಗ್ಯದ ಕೆಲಸಕ್ಕೆ ಒಂದು ನೆಲೆ ಸಿಕ್ಕಿತು: ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದು ಮತ್ತು ಹಳೆಯ ಮಾನಸಿಕ ಆಸ್ಪತ್ರೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಮಾನಸಿಕ ಆರೋಗ್ಯದ ಈ ಕೆಲಸದಲ್ಲಿ ಶಿವಮೊಗ್ಗ ಜಿಲ್ಲೆಗೂ ಪಾಲಿದೆ. ಮನೋವೈದ್ಯ ಡಾ. ಅಶೋಕ್ ಪೈ ಬರಹ, ಭಾಷಣ, ಸಿನಿಮಾಗಳಿಂದ ಮನಸ್ಸಿನ ಕಾಯಿಲೆಯನ್ನು ಮನೆಮನೆಯ ಮಾತಾಗಿಸಿದರು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ತಜ್ಞರು ಸ್ಕಿಜೋಫ್ರೀನಿಯಾ ಇರುವವರನ್ನು ಊರೂರಲ್ಲಿ ಗುರುತಿಸಿ, ಅಲ್ಲಿಯೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಗಮನಿಸುತ್ತ ಬಂದರು. ಚಿಕಿತ್ಸೆ ಬಿಡದೆ ಮುಂದುವರಿಸಿದವರು ದುಡಿಮೆಯಲ್ಲೂ ಜನರೊಡನೆ ಬೆರೆಯುವುದರಲ್ಲೂ ಚೇತರಿಸಿಕೊಂಡದ್ದನ್ನು ಆ ಅಧ್ಯಯನಗಳು ತೋರಿಸಿದವು. ಚಿಕಿತ್ಸೆ ಹೀಗೆ ಮುಂದುವರಿಯಬೇಕಾದರೆ ರೋಗಿಗೆ ನಂಬಿಕೆಯ ಒಂದು ಮುಖ ಬೇಕು.

ಕುಂಸಿಯಂಥ ಊರಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವವರೊಡನೆ ಮನೆಯವರೂ ಬರುತ್ತಾರೆ. ಭಾರತದ ಶುಶ್ರೂಷೆಗೆ ಇದೊಂದು ದೊಡ್ಡ ಬಲ. ಆದರೆ ತೊಡಕೂ ಇಲ್ಲೇ ಹುಟ್ಟುತ್ತದೆ. ರೋಗಿ ಎದುರಿಗೇ ಕೂತಿರುವಾಗ “ಇವನಿಗೆ ನಿದ್ದೆ ಬರುತ್ತಾ?” ಎಂದು ಅಣ್ಣನನ್ನೋ ಹೆಂಡತಿಯನ್ನೋ ಕೇಳಿದರೆ, ರೋಗಿ ಆ ಮಾತುಕತೆಯಿಂದ ಹೊರಗುಳಿದಂತೆಯೇ. “ರಾತ್ರಿ ನಿದ್ದೆ ಬಂತಾ ನಿಮಗೆ?” ಎಂದು ಅವರನ್ನೇ ಬಹುವಚನದಲ್ಲಿ ಕೇಳಿ, ಉತ್ತರಕ್ಕೆ ಕಾಯಬೇಕು. ಈ ಕಾಯುವಿಕೆಯಲ್ಲೇ ಅರ್ಧ ಶುಶ್ರೂಷೆ ಇದೆ.

ಕಿವಿಯಲ್ಲಿ ಯಾರೋ ಬೈಯುತ್ತಿದ್ದಾರೆ ಎನ್ನುವವರೊಡನೆ ವಾದಿಸಿ ಪ್ರಯೋಜನವಿಲ್ಲ, ಹೌದೆಂದು ನಟಿಸುವುದೂ ಸಲ್ಲದು. “ನನಗೆ ಕೇಳಿಸುತ್ತಿಲ್ಲ, ನಿಮಗೆ ಹೆದರಿಕೆಯಾಗಿರುವುದು ಕಾಣುತ್ತಿದೆ” ಎಂಬ ಮಾತು ನಿಜವೂ ಹೌದು, ಹಿತವೂ ಹೌದು. ಔಷಧಗಳ ವಿಷಯ ಇನ್ನೂ ಸೂಕ್ಷ್ಮ. ಕೆಲವು ಗುಳಿಗೆಗಳಿಂದ ಕೈ ನಡುಗುತ್ತದೆ, ಕುತ್ತಿಗೆ ಬಿಗಿಯುತ್ತದೆ, ಒಂದೆಡೆ ಕೂರಲಾಗದ ಚಡಪಡಿಕೆ ಹತ್ತುತ್ತದೆ. ಬೈಗುಳಕ್ಕೆ ಅಂಜುವ ರೋಗಿ ಇದನ್ನು ಹೇಳದೆ ಗುಳಿಗೆ ಬಿಟ್ಟುಬಿಡುತ್ತಾನೆ. ನಂಬುವವನು ಹೇಳುತ್ತಾನೆ, ವೈದ್ಯರು ಪ್ರಮಾಣ ಬದಲಿಸುತ್ತಾರೆ.

ಸಲುಗೆಗೂ ಗೆರೆಯಿದೆ: ಹಣದ ವ್ಯವಹಾರ, ಉಡುಗೊರೆ, ದಾದಿ ತನ್ನ ಸ್ವಂತ ಕಷ್ಟ ತೋಡಿಕೊಳ್ಳುವುದು ಸಲ್ಲದು.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ರೋಗಿಯ ಗೋಪ್ಯತೆ ಮತ್ತು ಘನತೆಯನ್ನು ಹಕ್ಕಾಗಿಸಿದೆ. ಸರಪಳಿ ಬಿಗಿಯುವುದನ್ನು ಅದು ನಿಷೇಧಿಸುತ್ತದೆ. ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೆ ರೋಗಿಯನ್ನು ಕಟ್ಟಿಹಾಕುವಂತಿಲ್ಲ ಎಂದೂ ಸ್ಪಷ್ಟವಾಗಿ ಹೇಳುತ್ತದೆ. ದಾದಿಯರ ಹುದ್ದೆಗಳನ್ನು ಖಾಲಿ ಬಿಡುವವರು ಈ ಸಾಲನ್ನು ಓದಲೇಬೇಕು.

ಆಸ್ಪತ್ರೆಗೆ ಹೋಗಲು ಹಿಂಜರಿಯುವವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ ಮಾನಸ್ ಸಹಾಯವಾಣಿ ಉಚಿತ. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತನಾಡಬಹುದು.