ಕಂಪನಿ ಮುಚ್ಚಿದರೂ ಉರಿಯುವ ದೀಪ

2016ರ ಮೇ ತಿಂಗಳಲ್ಲಿ ‘ರಿವಾಲ್ವ್’ ಎಂಬ ಸ್ಮಾರ್ಟ್ ಹೋಮ್ ಹಬ್ ಕೆಲಸ ನಿಲ್ಲಿಸಿತು. ಯಂತ್ರದಲ್ಲಿ ದೋಷವೇನೂ ಇರಲಿಲ್ಲ. ಅದನ್ನು ತಯಾರಿಸಿದ ಕಂಪನಿಯನ್ನು ಕೊಂಡಿದ್ದ ನೆಸ್ಟ್ ಎಂಬ ಕಂಪನಿ, ಅದರ ಸರ್ವರನ್ನು ಮುಚ್ಚಿತ್ತು. 300 ಡಾಲರ್ ಕೊಟ್ಟು ಕೊಂಡ ಸಾಧನ ಪ್ರಯೋಜನಕ್ಕೆ ಬಾರದಂತಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಹೋಮ್ ಕಂಪನಿಯ ಸರ್ವರುಗಳೂ ಮುನ್ಸೂಚನೆಯಿಲ್ಲದೆ ನಿಂತವು. ಸ್ಮಾರ್ಟ್ ಹೋಮ್ ಅಗ್ಗವೋ ದುಬಾರಿಯೋ ಎಂದು ಲೆಕ್ಕ ಹಾಕುವಾಗ ಕೊಂಡ ದಿನದ ಬೆಲೆಯ ಜೊತೆಗೆ, ಕಂಪನಿ ಕೈಬಿಟ್ಟ ಮೇಲೂ ಅದು ನಡೆಯುತ್ತದೆಯೇ ಎಂಬುದನ್ನೂ ಸೇರಿಸಬೇಕು. ನಕ್ಷೆ, ತಂತ್ರಾಂಶ ಎಲ್ಲರಿಗೂ ಮುಕ್ತವಾಗಿರುವ ಓಪನ್ ಸೋರ್ಸ್ ದಾರಿಯ ನಿಜವಾದ ಬಲ ಇರುವುದು ಅಲ್ಲಿ.

ಸ್ಮಾರ್ಟ್ ಹೋಮ್ ಕನಸು ಹೊಸದಲ್ಲ. ಮನೆಯ ವಿದ್ಯುತ್ ತಂತಿಯಲ್ಲೇ ಸಂಕೇತ ಕಳಿಸಿ ದೀಪ ಹೊತ್ತಿಸುವ ಎಕ್ಸ್10 ಪದ್ಧತಿ 1975ರಲ್ಲೇ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡಿತ್ತು. 2005ರಲ್ಲಿ ಇಟಲಿಯ ಇವ್ರೇಆ ಊರಿನಲ್ಲಿ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು ಹುಟ್ಟಿತು. ಅದರ ನಕ್ಷೆ ಎಲ್ಲರಿಗೂ ಮುಕ್ತವಾಗಿದ್ದುದರಿಂದ ಯಾರು ಬೇಕಾದರೂ ಆ ಬೋರ್ಡನ್ನು ಮಾಡಬಹುದಾಗಿತ್ತು. 2012ರಲ್ಲಿ 35 ಡಾಲರಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಂತು. ಆದರೂ ಒಂದು ತೊಡಕು ಉಳಿದಿತ್ತು: ಆರ್ಡುಯಿನೊಗೆ ವೈಫೈ ಜೋಡಿಸಲು ಬೋರ್ಡಿಗಿಂತ ಹೆಚ್ಚು ಹಣ ತೆರಬೇಕಿತ್ತು.

ಆ ತೊಡಕನ್ನು ನೀಗಿಸಿದ್ದು 2014ರಲ್ಲಿ ಬಳಕೆದಾರರ ಕೈಸೇರಿದ, ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್. ಈ ಕ್ಷೇತ್ರದ ಇತಿಹಾಸವನ್ನು ಅದಕ್ಕೆ ಮುಂಚೆ, ಅದರ ನಂತರ ಎಂದೇ ವಿಂಗಡಿಸಬೇಕೆಂದು ನನಗನ್ನಿಸುತ್ತದೆ. ಕೆಲವೇ ಡಾಲರಿಗೆ ವೈಫೈ ಸಿಕ್ಕಿತು. ಮೊದಲಿಗೆ ಅದರ ವಿವರಗಳು ಬಹುತೇಕ ಚೀನೀ ಭಾಷೆಯಲ್ಲಿದ್ದವು. ಹವ್ಯಾಸಿಗಳು ತಾವೇ ಅನುವಾದಿಸಿಕೊಂಡು ಹಂಚಿದರು. ಇದೇ ಚಿಪ್ ಇದ್ದ ಸೋನಾಫ್ ಸ್ವಿಚ್ಚುಗಳು ತಮ್ಮ ತಯಾರಕ ಕಂಪನಿಯ ಸರ್ವರನ್ನೇ ನೆಚ್ಚಿಕೊಂಡಿದ್ದವು. ನೆದರ್‌ಲೆಂಡ್ಸ್‌ನ ಥಿಯೋ ಅರೆಂಡ್ಸ್ ಬರೆದ ಟಾಸ್ಮೋಟಾ ತಂತ್ರಾಂಶ ಆ ನಂಟನ್ನು ಕಡಿಯಿತು. ಮುಂದೆ ಬಂದ ಇಎಸ್‌ಪಿಹೋಮ್ ಎಂಬ ತಂತ್ರಾಂಶದಿಂದಾಗಿ, ಪ್ರೋಗ್ರಾಮಿಂಗ್ ಬಾರದವರೂ ಹತ್ತಾರು ಸಾಲು ಬರೆದು ಸೆನ್ಸರ್ ಜೋಡಿಸುವಂತಾಯಿತು.

ಬೇರೆ ಬೇರೆ ಸಾಧನಗಳನ್ನು ಒಂದೆಡೆ ತರುವ ತಂತ್ರಾಂಶದ ಕೆಲಸ ಈ ಚಿಪ್‌ಗಿಂತ ಮುಂಚೆಯೇ, 2010ರಲ್ಲಿ ಜರ್ಮನಿಯ ಕೈ ಕ್ರೋಯ್ಟ್ಸರ್ ಅವರ ಓಪನ್‌ಹ್ಯಾಬ್‌ನಿಂದ, 2013ರಲ್ಲಿ ಪೌಲುಸ್ ಸ್ಕೌಟ್ಸನ್ ಅವರ ಹೋಮ್ ಅಸಿಸ್ಟೆಂಟ್‌ನಿಂದ ಶುರುವಾಯಿತು. ಹೋಮ್ ಅಸಿಸ್ಟೆಂಟ್ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಟಾಸ್ಮೋಟಾ, ಇಎಸ್‌ಪಿಹೋಮ್ ಇರುವ ಸಾಧನಗಳನ್ನು ಅದರಿಂದ ನಡೆಸಲು ಇಂಟರ್‌ನೆಟ್ ಬೇಕಿಲ್ಲ. ಸಾಧನಗಳ ನಡುವಿನ ಸಂದೇಶಗಳಿಗೆ ವ್ಯಾಪಕವಾಗಿ ಬಳಕೆಯಾಗುವ ಎಂಕ್ಯೂಟಿಟಿ ಎಂಬ ಸಂವಹನ ಪದ್ಧತಿ, 1999ರಲ್ಲಿ ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು ರೂಪಿಸಿದ್ದು. ಉಪಗ್ರಹ ಸಂಪರ್ಕ ದುಬಾರಿಯಾದ್ದರಿಂದ ಸಂದೇಶಗಳನ್ನು ತೀರ ಚಿಕ್ಕದಾಗಿಸಿದ್ದರು; ಆ ಮಿತವ್ಯಯವೇ ಪುಟ್ಟ ಚಿಪ್‌ಗಳಿಗೆ ಒದಗಿ ಬಂತು. 2024ರಲ್ಲಿ ಹೋಮ್ ಅಸಿಸ್ಟೆಂಟ್ ಒಡೆತನ ಓಪನ್ ಹೋಮ್ ಫೌಂಡೇಶನ್‌ಗೆ ಹೋಯಿತು. ಇನ್ನು ಯಾರೂ ಅದನ್ನು ಕೊಂಡು ಮುಚ್ಚಿಬಿಡಬಾರದೆಂಬುದೇ ಉದ್ದೇಶ.

ಈ ದಾರಿ ಹಿಡಿಯುವುದು ನಮ್ಮಲ್ಲೂ ಕಷ್ಟವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಎಸ್‌ಪಿ ಬೋರ್ಡು, ರಿಲೇ, ಅಲ್ಟ್ರಾಸಾನಿಕ್ ಸೆನ್ಸರ್ ಮೂರೂ ಒಂದೇ ಓಣಿಯಲ್ಲಿ ಸಿಗುತ್ತವೆ. ನಮ್ಮಲ್ಲಿ ಬಣ್ಣ ಬದಲಿಸುವ ಬಲ್ಬಿಗಿಂತ ಮುಂಚೆ ಮಾಡಬೇಕಾದದ್ದು ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ನೋಡಿ ಮೋಟಾರ್ ನಿಲ್ಲಿಸುವ ವ್ಯವಸ್ಥೆ. ನಮ್ಮ ಸ್ವಿಚ್‌ಬೋರ್ಡುಗಳಲ್ಲಿ ಪ್ಲಗ್ ಪಾಯಿಂಟೂ ಇರುವುದರಿಂದ ಸಾಮಾನ್ಯವಾಗಿ ಸ್ಮಾರ್ಟ್ ಸ್ವಿಚ್ಚಿಗೆ ಬೇಕಾಗುವ ನ್ಯೂಟ್ರಲ್ ತಂತಿ ಅಲ್ಲೇ ಸಿಗುತ್ತದೆ. ಅಮೆರಿಕದ ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಈ ಅನುಕೂಲವಿಲ್ಲ. ಆದರೆ ಮೋಟಾರನ್ನು ಮಾತ್ರ ಚಿಕ್ಕ ರಿಲೇಗೆ ನೇರವಾಗಿ ಜೋಡಿಸಬಾರದು. ಶುರುವಾಗುವ ಕ್ಷಣದಲ್ಲಿ ಅದು ಎಳೆಯುವ ಕರೆಂಟು ಹಲವು ಪಟ್ಟು ಹೆಚ್ಚು. ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಮೋಟಾರ್ ನಿಲ್ಲುವುದೇ ಇಲ್ಲ. ನಡುವೆ ಹೆಚ್ಚು ಕರೆಂಟು ತಾಳುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಹಾಕಿಸಿ, 230 ವೋಲ್ಟಿನ ಆ ಜೋಡಣೆಯನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.